ಬದುವಿನಡಿಯ ನೀರು

ಪರದೆಯ ಮೇಲಿನ ನೀಲಿ ಗೆರೆಗಳು ಒಂದೊಂದಾಗಿ ಕಡಿದುಹೋಗುತ್ತಿದ್ದವು. ಜೈಬುನ್ನೀಸಾ ನದಾಫ ನೋಡುತ್ತಿದ್ದಂತೆಯೇ ಮೂರನೆಯ ಬನ್ನಿಮರದ ಗೆರೆ ನಡುಗಿ ಆರಿತು. ಯಾರೋ ಬೇರು ಕತ್ತರಿಸುತ್ತಿದ್ದಾರೆ! ಆಕೆ ಪರದೆಯನ್ನು ಬಗಲಲ್ಲಿ ಅವುಚಿಕೊಂಡು ಕರಿಗೋಡಿ ಊರಿನ ಹೊಲಗಳತ್ತ ಓಡಿದಳು.

ಆ ಪರದೆಯ ಯಂತ್ರ ಅವಳದೇ ಶೋಧ. ರೈತರು ಅದಕ್ಕೆ ಬೇರುಗನ್ನಡಿ ಎಂದು ಹೆಸರಿಟ್ಟಿದ್ದರು. ಬೇರಿನಲ್ಲಿ ನೀರು ಹರಿಯುವಾಗ ಹುಟ್ಟುವ ಕ್ಷೀಣ ವಿದ್ಯುತ್ತನ್ನು ಮಣ್ಣಿಗೆ ಚುಚ್ಚಿದ ತಾಮ್ರದ ಸೂಜಿಗಳು ಹಿಡಿಯುತ್ತವೆ. ಪರದೆ ಅದನ್ನು ಚಿತ್ರವಾಗಿಸುತ್ತದೆ. ಬನ್ನಿಯಂಥ ಮರಗಳು ಆಳದ ತೇವವನ್ನು ಎಳೆದು, ಹೊತ್ತು ಮುಳುಗಿದ ಮೇಲೆ ಮೇಲ್ಮಣ್ಣಿಗೆ ಬಿಡುತ್ತವೆಂಬುದು ವಿಜ್ಞಾನಕ್ಕೆ ಹಳೆಯ ಸಂಗತಿ. ರೈತ ಅದನ್ನು ಕಣ್ಣಾರೆ ಕಂಡದ್ದು ಮಾತ್ರ 2046ರಲ್ಲಿ. ನೆರಳಿಗೆ ಜೋಳ ಬಾರದೆಂದು ಮರ ಕಡಿಯುತ್ತಿದ್ದವರೇ ಬೆಳೆಯ ನಡುವೆ ಬನ್ನಿ, ಬೇವು ನೆಟ್ಟರು. ಹದಿನೈದು ವರ್ಷದಲ್ಲಿ ಆ ಎರೆಭೂಮಿ ಬೇಸಿಗೆಯಲ್ಲೂ ಹಸಿರಾಗಿ ನಿಂತಿತ್ತು.

ಆದರೆ ಯಾರ ಮರದ ನೀರು ಯಾರ ಹೊಲಕ್ಕೆ ಹೋಗುತ್ತದೆಂಬುದೂ ಪರದೆಯಲ್ಲಿ ಕಾಣುತ್ತಿತ್ತು. ಸೋಮರಡ್ಡಿ ಮೇಟಿಯ ಬದುವಿನಲ್ಲಿದ್ದ ಹನ್ನೊಂದು ಬನ್ನಿಗಳ ನೀರು ಪಕ್ಕದ ಹೊಲದ ಫಕೀರವ್ವ ತಳವಾರಳ ತೊಗರಿಗೂ ಹರಿಯುತ್ತಿತ್ತು.

ಜೈಬುನ್ನೀಸಾ ಬರುವಷ್ಟರಲ್ಲಿ ಚಾಲಕನಿಲ್ಲದ ಯಂತ್ರವೊಂದು ಬದುವಿನುದ್ದಕ್ಕೂ ಆಳುದ್ದದ ಕಂದಕ ತೋಡುತ್ತಿತ್ತು. ತೊಡೆದಪ್ಪದ ಬೇರುಗಳು ಲಟಲಟನೆ ಮುರಿಯುತ್ತಿದ್ದವು.

“ನಿಲ್ಲಸ್ರಿ ರಡ್ಡೇರ! ಬೇರು ಕಡದ್ರ ಗಿಡಾನೂ ಉಳಿಯಂಗಿಲ್ಲ!”

“ನೀವ ತೋರ್ಸೀರಲ್ರಿ ಮೇಡಮ್ಮಾರ,” ಎಂದ ಸೋಮರಡ್ಡಿ, ಪಕ್ಕದ ಹೊಲದಿಂದ ಓಡಿಬರುತ್ತಿದ್ದ ಫಕೀರವ್ವನತ್ತ ಕೈಮಾಡಿ. “ನಮ್ಮಜ್ಜ ಹಚ್ಚಿದ ಗಿಡ. ನೀರು ಈಕಿ ಹೊಲಕ್ಕ ಯಾಕ ಹೋಗ್ಬೇಕು?”

ಅಷ್ಟರಲ್ಲಿ ಫಕೀರವ್ವ ಕುಡುಗೋಲು ಹಿಡಿದು ಕಂದಕಕ್ಕೆ ಜಿಗಿದಳು. “ಮೊದಲ ನನ್ನ ಕಡಿ, ಆಮ್ಯಾಲ ಬೇರು ಕಡಿಯಂತಿ!”

ಎದುರಿಗೆ ಮನುಷ್ಯರಿದ್ದುದನ್ನು ಗುರುತಿಸಿ ಯಂತ್ರ ತಾನಾಗಿ ನಿಂತಿತು. ಸೋಮರಡ್ಡಿ ನಿಲ್ಲಲಿಲ್ಲ. ಸಲಿಕೆ ಹಿಡಿದು ಕೆಳಗಿಳಿದು, ಅವಳ ತುರುಬಿಗೆ ಕೈಹಾಕಿ ದರದರನೆ ಎಳೆದ. ಅವಳು ಬೀಸಿದ ಕುಡುಗೋಲು ಅವನ ಎಡಗೈ ಮಣಿಕಟ್ಟನ್ನು ಎಲುಬಿನವರೆಗೂ ಸೀಳಿತು. ಅವನು ಅರಚುತ್ತಲೇ ಸಲಿಕೆ ಎತ್ತಿದ. ಮೊದಲ ಏಟು ಫಕೀರವ್ವನ ಹೆಗಲಿಗೆ ಬಿತ್ತು. ಜೈಬುನ್ನೀಸಾ ಹಾರಿ ಅವನ ತೋಳಿಗೆ ಜೋತುಬಿದ್ದಳು. ಅವನು ಕೊಡವಿದ ರಭಸಕ್ಕೆ ಅವಳ ಹಣೆ ಯಂತ್ರದ ಹಲ್ಲಿಗೆ ಬಡಿಯಿತು. ಎರಡನೆಯ ಏಟು ಫಕೀರವ್ವನ ತಲೆಗೆ ಬಿತ್ತು. ಅವಳು ಕವುಚಿ ಬಿದ್ದಾಗ ಬಾಯಿತುಂಬ ಕರಿಮಣ್ಣು.

ಆಸ್ಪತ್ರೆ ಮುಟ್ಟುವ ಮೊದಲೇ ಅವಳ ಪ್ರಾಣ ಹೋಯಿತು.

ನಲವತ್ತು ದಿನಕ್ಕೆ ಹನ್ನೊಂದೂ ಬನ್ನಿ ಒಣಗಿದವು. ಹಿಂದೆಯೇ ಸೋಮರಡ್ಡಿಯ ಜೋಳವೂ ಸುಟ್ಟುಹೋಯಿತು. ಕಾರಣ ತಿಳಿಯದೆ ಜೈಬುನ್ನೀಸಾ ಮೊದಲ ಬಾರಿಗೆ ಅರವತ್ತು ಅಡಿ ಆಳಕ್ಕೆ ಸೂಜಿ ಇಳಿಸಿದಳು. ಫಕೀರವ್ವ ತನ್ನ ಹೊಲದಲ್ಲಿ ತೋಡಿಸಿದ್ದ ಕೃಷಿಹೊಂಡದ ನೀರು ವರ್ಷಾನುಗಟ್ಟಲೆ ಇಂಗಿ ಅಲ್ಲಿ ನಿಂತಿತ್ತು. ಬನ್ನಿಗಳು ಕುಡಿದು ಸೋಮರಡ್ಡಿಯ ಜೋಳಕ್ಕೂ ಹಂಚುತ್ತಿದ್ದುದು ಅದನ್ನೇ.

ಜೈಲಿಗೆ ಹೋಗಿ ಅದನ್ನು ಹೇಳಿದಳು. ಎಡಗೈ ಕಳೆದುಕೊಂಡಿದ್ದ ಸೋಮರಡ್ಡಿ ಬಲಗೈಯಿಂದ ಕಂಬಿ ಹಿಡಿದ.

“ಇದನ್ನ ಮೊದಲ ಯಾಕ ತೋರ್ಸಲಿಲ್ರಿ?”

“ನಾನೂ ನೋಡಿರಲಿಲ್ರಿ. ನೀರು ಎಲ್ಲಿಗೆ ಹೋಗ್ತೈತಿ ಅನ್ನೂದಷ್ಟ ನೋಡ್ದೆ. ಎಲ್ಲಿಂದ ಬರ್ತೈತಿ ಅಂತ ಕೇಳಲಿಲ್ಲ.”

ಅವನು ಕಂಬಿಗೆ ಹಣೆ ಬಡಿದುಕೊಳ್ಳತೊಡಗಿದ. ಕಾವಲುಗಾರರು ಎಳೆದೊಯ್ದರೂ ಆ ಸದ್ದು ಅವಳ ಕಿವಿಯಲ್ಲಿ ಉಳಿಯಿತು.

ಮುಂದೆ ಅವಳು ಆಳದ ಚಿತ್ರವನ್ನು ಇಡೀ ಊರಿಗೆ ತೋರಿಸಿದಳು. ಎಲ್ಲ ಹೊಲಗಳ ಬೇರುಗಳೂ ಕೆಳಗೆ ಒಂದರೊಳಗೊಂದು ಹೆಣೆದುಕೊಂಡಿದ್ದವು. “ಇದರಾಗ ನಂದು ಯಾವುದ್ರಿ?” ಎಂದು ಮುದುಕನೊಬ್ಬ ಕೇಳಿದ. ಜೈಬುನ್ನೀಸಾಳಿಗೆ ಬೆರಳಿಟ್ಟು ತೋರಿಸಲಾಗಲಿಲ್ಲ. ಆ ಹೆಣಿಗೆ ಅವಳ ಯಂತ್ರಕ್ಕಿಂತ ಎಷ್ಟೋ ಮೊದಲಿನದು. ಆ ಯಂತ್ರ ಇನ್ನೂ ಹುಟ್ಟದ ಇಂದು, ಬದುವಿನ ಮರಕ್ಕೆ ಗರಗಸ ಇಡುವವನ ಕಾಲಡಿಯಲ್ಲೂ ಅದು ಇದೆ.