ಹದಿನಾಲ್ಕನೇ ವೀಲ್‌ಚೇರ್

“ಇಲ್ಲ ಅಂದ್ರೆ ಇಲ್ಲ! ನೆಲ ನುಂಗ್ತೋ ಏನೋ!”

ಟ್ಯಾಗಣ್ಣ ಮೂರನೇ ಸಲ ಮೆಟ್ಟಿಲಿಳಿದು ಬಂದು ಕುರ್ಚಿಯ ಮೇಲೆ ಧೊಪ್ಪನೆ ಕೂತ. ಏದುಸಿರು ಬಿಡುತ್ತಿದ್ದ.

“ಆದ್ರೆ ವೀಲ್‌ಚೇರ್ ಅಲ್ಲೇ ಇದೆ ಅಂತ ತೋರಿಸ್ತಿದೆಯಲ್ಲಣ್ಣ,” ಎಂದು ಕಡ್ಡಿ ಕಂಪ್ಯೂಟರ್ ಪರದೆಗೆ ಬೆರಳಿಟ್ಟಳು.

ಕಡ್ಡಿ ಐದನೇ ಕ್ಲಾಸು. ಸಣ್ಣಗೆ ಉದ್ದಕ್ಕೆ ಇದ್ದುದರಿಂದ ಆಸ್ಪತ್ರೆಯಲ್ಲೆಲ್ಲ ಅವಳಿಗೆ ಅದೇ ಹೆಸರು. ಅವಳ ಅಮ್ಮ ಎರಡನೇ ಮಹಡಿಯ ಮೂಳೆ ವಾರ್ಡಿನಲ್ಲಿ ಸಿಸ್ಟರ್. ಮೂರಕ್ಕೆ ಶಾಲೆ ಬಿಟ್ಟ ಮೇಲೆ ಕಡ್ಡಿ ಕೆಳಗಿನ ಈ ಪುಟ್ಟ ರೂಮಿನಲ್ಲಿ ಕೂತು ಹೋಮ್‌ವರ್ಕ್ ಮಾಡಬೇಕು. ಮಾಡಬೇಕು, ಅಷ್ಟೆ. ಪಕ್ಕದಲ್ಲೇ ಅಂಥ ಪರದೆ ಇರುವಾಗ ಯಾರ ತಲೆಗೆ ಭಿನ್ನರಾಶಿ ಹತ್ತುತ್ತದೆ?

ಪರದೆಯಲ್ಲಿ ಇಡೀ ಆಸ್ಪತ್ರೆಯ ನಕ್ಷೆ, ನಕ್ಷೆಯ ತುಂಬ ಚುಕ್ಕಿಗಳು. ಹಸಿರು ಚುಕ್ಕಿ ಅಂದರೆ ವೀಲ್‌ಚೇರ್. ನೀಲಿ ಚುಕ್ಕಿ ಅಂದರೆ ಕೆಲಸದವರ ಕೊರಳಿನ ಕಾರ್ಡು. ಪ್ರತಿ ವೀಲ್‌ಚೇರಿನ ಅಡಿಗೂ ಬೆಂಕಿಪೊಟ್ಟಣದಷ್ಟು ದೊಡ್ಡ ಟ್ಯಾಗ್ ಅಂಟಿಸಿದವನೇ ಟ್ಯಾಗಣ್ಣ. ಅವನು ಈ ಆಸ್ಪತ್ರೆಗೆ ಬಂದು ಒಂದು ತಿಂಗಳಾಗಿತ್ತು.

“ನಮ್ಮ ಸ್ಕೂಲ್ ಲೈಬ್ರರಿ ಪುಸ್ತಕದಲ್ಲೂ ಟ್ಯಾಗ್ ಇದೆ. ಅದು ಹಿಂಗೆ ಪರದೆ ಮೇಲೆಲ್ಲ ಓಡಾಡಲ್ಲ,” ಎಂದಿದ್ದಳು ಕಡ್ಡಿ ಮೊದಲ ದಿನ.

“ಅದು ಬೇರೆ. ಅದಕ್ಕೆ ಬ್ಯಾಟರಿ ಇರಲ್ಲ. ಹತ್ತಿರ ಹೋಗಿ ಮಾತಾಡಿಸಿದ್ರೆ ಮಾತ್ರ ಉತ್ತರ ಕೊಡುತ್ತೆ. ಇದರ ಹೊಟ್ಟೇಲಿ ಬ್ಯಾಟರಿ ಇದೆ. ಯಾರೂ ಕೇಳದಿದ್ರೂ ಐದು ಸೆಕೆಂಡಿಗೊಂದ್ಸಲ ‘ನಾನು ಹದಿನಾಲ್ಕು, ಇಲ್ಲಿದೀನಿ! ನಾನು ಹದಿನಾಲ್ಕು, ಇಲ್ಲಿದೀನಿ!’ ಅಂತ ರೇಡಿಯೋ ಅಲೆಯಲ್ಲಿ ಕೂಗ್ತಾ ಇರುತ್ತೆ. ಸೀಲಿಂಗಿನ ಬಿಳಿ ಡಬ್ಬಿ ಅದನ್ನ ಕೇಳಿಸ್ಕೊಂಡು ನಂಗೆ ಹೇಳುತ್ತೆ.”

“ನಮ್ಮ ಪಕ್ಕದ ಮನೆ ಪಾಪು ತರಾನೇ!”

ಈಗ ಹದಿನಾಲ್ಕನೇ ನಂಬರಿನ ಚುಕ್ಕಿ ಎರಡನೇ ಮಹಡಿಯ ಬಟ್ಟೆ ರೂಮಿನಲ್ಲಿ ಮಿನುಗುತ್ತಿತ್ತು. ಹಾಸಿಗೆ ಬಟ್ಟೆ, ಹೊದಿಕೆ ಇಡುವ ರೂಮು ಅದು. ಟ್ಯಾಗಣ್ಣ ಮೂರು ಸಲ ಹೋಗಿ ನೋಡಿದರೂ ಅಲ್ಲಿ ಕಂಡದ್ದು ಹೊದಿಕೆ ಮಾತ್ರ.

“ರೂಮು ಯಾವುದು ಅಂತ ಹೇಳುತ್ತೆ, ಯಾವ ಮೂಲೆ ಅಂತ ಹೇಳಲ್ಲ ಇದು. ಟ್ಯಾಗೇ ಕೆಟ್ಟಿರಬೇಕು,” ಎಂದು ಅವನು ತಲೆ ಕೆರೆದುಕೊಂಡ.

“ನಾನೊಂದ್ಸಲ ನೋಡ್ಲಾ?”

ಉತ್ತರ ಬರುವ ಮೊದಲೇ ಕಡ್ಡಿ ಮೆಟ್ಟಿಲ ಮೇಲಿದ್ದಳು.

ಬಟ್ಟೆ ರೂಮಿನಲ್ಲಿ ಗೋಡೆಯಗಲದ ಕಬ್ಬಿಣದ ಬೀರು. ಬೀರುವಿಗೂ ಗೋಡೆಗೂ ನಡುವೆ ಒಂದು ಸಂದು. ದೊಡ್ಡವರಿಗೆ ಅದು ಬರೀ ಕತ್ತಲೆ. ಕಡ್ಡಿ ಉಸಿರು ಬಿಗಿಹಿಡಿದು ಅಡ್ಡಡ್ಡ ನುಗ್ಗಿದಳು. ಮಡಚಿದ ವೀಲ್‌ಚೇರ್ ಒಂದು ಗೋಡೆಗೆ ಒರಗಿ, ಮೇಲೆ ಹೊದಿಕೆ ಹೊದ್ದುಕೊಂಡು ಬೆಚ್ಚಗೆ ನಿಂತಿತ್ತು.

“ಸಿಕ್ತು! ಸಿಕ್ತು!” ಎಂದು ಅವಳು ಕೂಗಿದ್ದು ಕೆಳಗಿನ ಮಹಡಿಗೂ ಕೇಳಿಸಿತು.

“ಭಲೇ ಪತ್ತೇದಾರಿ!” ಎಂದ ಟ್ಯಾಗಣ್ಣ. ಖುಷಿಯಲ್ಲಿ ಆಗಲೇ ರಿಪೋರ್ಟ್ ಬರೆದ: ‘ಹದಿನಾಲ್ಕು. ಎರಡನೇ ಮಹಡಿ. ಬೀರುವಿನ ಹಿಂದೆ ಬಚ್ಚಿಡಲಾಗಿತ್ತು.’ ಆಸ್ಪತ್ರೆಯ ಹೆಡ್ ಮೇಡಂಗೆ ಕಳಿಸಿ, ನಾಲ್ಕಾಗುತ್ತಿದ್ದಂತೆ ರೂಮಿಗೆ ಬೀಗ ಹಾಕಿಕೊಂಡು ಮನೆಗೆ ಹೊರಟ.

ಅಮ್ಮನ ಡ್ಯೂಟಿಯೂ ನಾಲ್ಕಕ್ಕೇ ಮುಗಿಯುತ್ತದೆ. ಆದರೆ ಅಮ್ಮ ಕೆಳಗೆ ಬರುವಾಗ ದಿನಾ ಐದು. ಆ ಒಂದು ಗಂಟೆ ಕಡ್ಡಿ ಗೇಟಿನ ಬೆಂಚಿನ ಮೇಲೆ ಕಾಲಾಡಿಸುತ್ತ ಕೂರಬೇಕು. “ಯಾಕಮ್ಮ ಲೇಟು?” ಅಂದರೆ, “ಕೆಲಸ ಇತ್ತು ಕಣೇ,” ಎಂಬ ಒಂದೇ ಉತ್ತರ. ಅವತ್ತೂ ಹಾಗೇ ಆಯಿತು. ಕಡ್ಡಿಗೆ ಎಷ್ಟು ಸಿಟ್ಟು ಬಂತೆಂದರೆ, ವೀಲ್‌ಚೇರ್ ಹುಡುಕಿದ ಸುದ್ದಿಯನ್ನೂ ಹೇಳಲಿಲ್ಲ.

ಮರುದಿನ ಶಾಲೆಯಿಂದ ಬಂದರೆ ಆಸ್ಪತ್ರೆಯ ಬಾಗಿಲಲ್ಲೇ ಕಸ ಗುಡಿಸುವ ಆಯಮ್ಮ ತಡೆದಳು.

“ಮೇಲೆ ಹೋಗ್ಬೇಡ ಮಗಾ. ನಿಮ್ಮಮ್ಮನ್ನ ಹೆಡ್ ಮೇಡಂ ಕರೆಸವ್ರೆ. ವೀಲ್‌ಚೇರ್ ಬಚ್ಚಿಟ್ಟಿದ್ರಂತೆ, ಕೇಳಿದ್ದಕ್ಕೆ ನಾನೇ ಅಂತ ಒಪ್ಕೊಂಡ್ರಂತೆ. ಅವ್ರನ್ನ ವಾರ್ಡಿಂದ ತೆಗೆದು ಸ್ಟೋರಿನ ಕೆಲಸಕ್ಕೆ ಹಾಕ್ತಾರಂತೆ.”

“ನಮ್ಮಮ್ಮನಾ?”

“ಹೂಂ. ಅದ್ಯಾವ ಪುಣ್ಯಾತ್ಮರು ಹೇಳಿಕೊಟ್ರೋ!”

ಬೇಡ ಅಂದ ಮೇಲೂ ಕಡ್ಡಿಯ ಕಾಲು ಎರಡನೇ ಮಹಡಿಗೇ ಓಡಿತು.

ಮೂಳೆ ವಾರ್ಡಿನ ಕಿಟಕಿ ಪಕ್ಕದ ಹಾಸಿಗೆಯಲ್ಲಿ ಬಸ್ ತಾತ ಕೂತಿದ್ದ. ಮೂವತ್ತು ವರ್ಷ ಬಸ್ ಓಡಿಸಿದವನು. ಒಂದು ಕಾಲಿಗೆ ತೊಡೆಯವರೆಗೂ ಪ್ಲಾಸ್ಟರ್. ಆದರೂ ಒಗೆದ ಶರ್ಟು ತೊಟ್ಟು, ಇದ್ದ ನಾಲ್ಕು ಕೂದಲಿಗೆ ನೀರು ಹಚ್ಚಿ ಬಾಚಿಕೊಂಡಿದ್ದ.

“ಏನಮ್ಮಾ ಕಡ್ಡಿ, ಎಲ್ಲಿ ನಮ್ಮ ಡ್ರೈವರ್? ನಾಲ್ಕು ಗಂಟೆ ಗಾಡಿ ಇವತ್ತು ಕ್ಯಾನ್ಸಲ್ಲಾ? ಬೆಳಿಗ್ಗೆನೇ ಯಾರೋ ಬಂದು ವೀಲ್‌ಚೇರ್ ತಗೊಂಡು ಹೋದ್ರು.”

“ಯಾವ ಗಾಡಿ ತಾತ?”

“ನಮ್ಮಾಕೆ ಕೆಳಗೆ ಹೆಂಗಸರ ವಾರ್ಡಲ್ಲಿದಾಳಲ್ಲ. ಅವಳು ಬಚ್ಚಲಲ್ಲಿ ಜಾರಿದ್ಲು. ಎತ್ತೋಕೆ ಓಡಿದ ನಾನೂ ಜಾರಿದೆ. ಇಬ್ರೂ ಒಂದೇ ಆಂಬುಲೆನ್ಸು! ಅವಳಿಗೆ ಸೊಂಟ, ನಂಗೆ ಕಾಲು. ದಿನಾ ನಾಲ್ಕಕ್ಕೆ ನಿಮ್ಮಮ್ಮ ನನ್ನ ಕೆಳಗೆ ಕರ್ಕೊಂಡು ಹೋಗ್ತಾಳೆ. ಓಡಿಸೋದು ಮಾತ್ರ ಬಲು ನಿಧಾನ. ಟಾಪ್ ಗೇರ್ ಹಾಕಮ್ಮಾ ಅಂದ್ರೆ ಕೇಳಲ್ಲ.” ತಾತ ನಕ್ಕು, ಮತ್ತೆ ಬಾಗಿಲ ಕಡೆ ನೋಡಿದ. “ನಾನು ಹೋಗದಿದ್ರೆ ಅವಳು ಊಟ ಬಿಡ್ತಾಳೆ. ಹಟಮಾರಿ.”

ಕಡ್ಡಿ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಇಳಿದಳು.

“ಅಣ್ಣಾ! ಅಳಿಸಿಬಿಡು! ನಿನ್ನೆದು ಅಳಿಸಿಬಿಡು!”

ಎಲ್ಲ ಕೇಳಿದ ಮೇಲೆ ಟ್ಯಾಗಣ್ಣನ ಮುಖ ಸಣ್ಣಗಾಯಿತು. “ಅದು ಸಿಸ್ಟರ್ ಇಟ್ಟಿದ್ದು ಅಂತ ನಂಗೇನು ಗೊತ್ತಿತ್ತು ಪುಟ್ಟಿ? ರಿಪೋರ್ಟ್ ಹೋಗಿಯಾಯ್ತು. ಟ್ಯಾಗ್ ಹೇಳಿದ್ದನ್ನ ಅಳಿಸೋಕೆ ಬರಲ್ಲ. ಎಲ್ಲ ದಾಖಲೆ ಆಗಿರುತ್ತೆ.”

“ಎಲ್ಲಾನೂ?”

“ಎಲ್ಲಾನೂ. ಯಾವ ವೀಲ್‌ಚೇರ್ ಯಾವತ್ತು ಎಲ್ಲಿತ್ತು, ಎಷ್ಟು ಹೊತ್ತು ಇತ್ತು…”

“ಹಂಗಾದ್ರೆ ಹದಿನಾಲ್ಕು ನಾಲ್ಕು ಗಂಟೆಗೆ ಎಲ್ಲಿರುತ್ತೆ ಅಂತ ತೋರ್ಸು!”

ಟ್ಯಾಗಣ್ಣ ಅವಳನ್ನೊಮ್ಮೆ ನೋಡಿದ. ಆಮೇಲೆ ಅವನ ಬೆರಳು ಕೀಲಿಗಳ ಮೇಲೆ ಪಟಪಟನೆ ಓಡಿತು.

ಪರದೆಯ ಮೇಲೆ ಸಾಲುಗಳು ಬಂದವು. ಸೋಮವಾರ ನಾಲ್ಕು ಹತ್ತಕ್ಕೆ ಹೆಂಗಸರ ವಾರ್ಡು, ಐದಕ್ಕೆ ಹತ್ತು ನಿಮಿಷ ಇರುವಾಗ ವಾಪಸ್. ಮಂಗಳವಾರವೂ ಅದೇ. ಬುಧವಾರವೂ ಅದೇ. ಹದಿನಾರು ದಿನ ಹಾಗೇ, ಒಂದು ದಿನವೂ ತಪ್ಪಿರಲಿಲ್ಲ.

“ಅದರ ಜೊತೆಗೇ ಒಂದು ಕಾರ್ಡೂ ಹೋಗಿದೆ ನೋಡು,” ಎಂದ ಟ್ಯಾಗಣ್ಣ ಮೆಲ್ಲಗೆ. “ನಿಮ್ಮಮ್ಮಂದು. ನಾಲ್ಕಕ್ಕೆ ಡ್ಯೂಟಿ ಮುಗಿದಿರುತ್ತಲ್ಲ?”

ಕಡ್ಡಿ ಆ ಸಾಲುಗಳನ್ನು ಮೇಲಿಂದ ಕೆಳಗೆ ಓದಿದಳು. ಬೆಂಚಿನ ಮೇಲೆ ತಾನು ಕಾಲಾಡಿಸುತ್ತ ಸಿಟ್ಟು ಮಾಡಿಕೊಂಡ ಹದಿನಾರು ಸಂಜೆಗಳು ಅಲ್ಲಿ ಸಾಲಾಗಿ ನಿಂತಿದ್ದವು.

“ಬೇರೆ ವೀಲ್‌ಚೇರ್‌ಗಳು ಎಲ್ಲಿರ್ತವೆ ಅಣ್ಣ?”

ಅದನ್ನೂ ತೆಗೆದ. ಹತ್ತು ವೀಲ್‌ಚೇರ್ ಮುಂಬಾಗಿಲ ಹಾಲಿನಲ್ಲಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಅವುಗಳಲ್ಲಿ ಆರು ಅಲುಗಾಡಿಯೂ ಇರಲಿಲ್ಲ. ಮೂಳೆ ವಾರ್ಡಿಗೆ ಆ ಹತ್ತರಲ್ಲಿ ಇಡೀ ತಿಂಗಳಲ್ಲಿ ಬಂದದ್ದು ಸೊನ್ನೆ.

ಟ್ಯಾಗಣ್ಣ ಪ್ರಿಂಟ್ ಒತ್ತಿದ.

ಹೆಡ್ ಮೇಡಂ ರೂಮಿನಲ್ಲಿ ಅಮ್ಮ ಕೈಕಟ್ಟಿ ನಿಂತಿದ್ದಳು. ಬಾಗಿಲಲ್ಲಿ ಮಗಳನ್ನು ಕಂಡು ಕಣ್ಣು ಕಿರಿದು ಮಾಡಿದಳು. ಆ ಕಣ್ಣಿನ ಅರ್ಥ ‘ನಿಂಗೇನು ಕೆಲಸ ಇಲ್ಲಿ’ ಎಂದು. ಕಡ್ಡಿ ಟ್ಯಾಗಣ್ಣನ ಬೆನ್ನ ಹಿಂದೆ ಸರಿದಳು. ಆದರೆ ಬಾಯಿ ಸುಮ್ಮನಿರಲಿಲ್ಲ.

“ಮೇಡಂ, ಅದು ಬೀರು ಹಿಂದೆ ಇದ್ದಿದ್ದು ನಿಜ. ನಾನೇ ಕಂಡುಹಿಡಿದಿದ್ದು. ಆದ್ರೆ ಪೂರ್ತಿ ಓದಿ, ಪ್ಲೀಸ್.”

ಟ್ಯಾಗಣ್ಣ ಹಾಳೆಗಳನ್ನು ಮೇಜಿನ ಮೇಲಿಟ್ಟ. ಹೆಡ್ ಮೇಡಂ ಕನ್ನಡಕ ಮೇಲೇರಿಸಿದರು. ಮೊದಲ ಹಾಳೆ ಓದಿದರು. ಎರಡನೆಯದನ್ನು ಎರಡು ಸಲ ಓದಿದರು.

“ಬಚ್ಚಿಡೋದು ತಪ್ಪೇ ಸಿಸ್ಟರ್. ನನ್ನ ಕೇಳಬಹುದಿತ್ತಲ್ಲ?”

“ವಾರ್ಡಿಗೊಂದು ಚೇರು ಬೇಕು ಅಂತ ಮೂರು ಸಲ ಬರೆದು ಕೊಟ್ಟಿದೀನಿ ಮೇಡಂ,” ಎಂದಳು ಅಮ್ಮ. ದನಿ ಏರಿಸಲಿಲ್ಲ. “ಹಾಲಲ್ಲಿರೋ ಚೇರು ಹಾಲಲ್ಲೇ ಇರಬೇಕು ಅಂತ ಉತ್ತರ ಬಂತು.”

ಹೆಡ್ ಮೇಡಂ ಪಕ್ಕದ ಫೈಲ್ ರಾಶಿಯ ಕಡೆ ನೋಡಿ, ಬೇಗ ಕಣ್ಣು ತೆಗೆದರು. ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದರು.

“ನಾಳೆಯಿಂದ ಒಂದೊಂದು ಮಹಡಿಗೆ ಎರಡೆರಡು ವೀಲ್‌ಚೇರ್. ಎಲ್ಲರಿಗೂ ಕಾಣೋ ಕಡೆ ಇಡಿ. ನಿಮ್ಮ ಹದಿನಾಲ್ಕನ್ನ ಈಗಲೇ ತಗೊಂಡು ಹೋಗಿ, ಗಂಟೆ ನಾಲ್ಕಾಯ್ತು. ಇನ್ನೊಂದ್ಸಲ ಬೀರು ಹಿಂದೆ ಸಿಕ್ಕಿದ್ರೆ ಮಾತ್ರ…”

“ಸಿಗಲ್ಲ ಮೇಡಂ.”

ಲಿಫ್ಟಿನಲ್ಲಿ ಖಾಲಿ ವೀಲ್‌ಚೇರ್, ಅಮ್ಮ, ಕಡ್ಡಿ. ಕಡ್ಡಿ ವೀಲ್‌ಚೇರಿನ ಹಿಡಿ ತಿರುವುತ್ತ, “ಅಮ್ಮಾ, ನಿನ್ನೆ ನಾನು…” ಅಂದಳು.

“ಗೊತ್ತು ಬಿಡೇ. ಆ ಸಂದಲ್ಲಿ ನುಗ್ಗೋರು ಈ ಬಿಲ್ಡಿಂಗಲ್ಲಿ ಇನ್ಯಾರಿದಾರೆ?”

ಕಡ್ಡಿಗೆ ನಗು ಬಂತು, ಅಳುವೂ ಬಂತು. ಯಾವುದು ಮೊದಲು ಅಂತ ಗೊತ್ತಾಗಲಿಲ್ಲ.

ಬಸ್ ತಾತ ದಾರಿಯುದ್ದಕ್ಕೂ ಡ್ರೈವಿಂಗ್ ಪಾಠ ಮಾಡಿದ. “ತಿರುವಲ್ಲಿ ಹಾರ್ನ್! ಹಾರ್ನ್ ಹೊಡೀಬೇಕಮ್ಮಾ!” ಕಡ್ಡಿ ಮುಂದೆ ಓಡುತ್ತ “ಪೋಂ ಪೋಂ” ಅಂದಳು. ಹೆಂಗಸರ ವಾರ್ಡಿನ ಬಾಗಿಲು ದಾಟುವಾಗ ಮಾತ್ರ ತಾತ ಗಪ್‌ಚುಪ್ ಆಗಿ ಕಾಲರ್ ಸರಿಮಾಡಿಕೊಂಡ.

ಅವನನ್ನು ಒಳಗೆ ಬಿಟ್ಟು ಬಂದು ಅಮ್ಮ ಹೊರಗಿನ ಮೆಟ್ಟಿಲ ಮೇಲೆ ಕೂತಳು. ಚಪ್ಪಲಿ ಕಳಚಿದಳು. ಅವಳ ಪಾದದ ಮೇಲೆ ಪಟ್ಟಿಯ ಗುರುತು ಕೆಂಪಗೆ ಮೂಡಿತ್ತು. ಕಡ್ಡಿ ಪಕ್ಕದಲ್ಲಿ ಒತ್ತಿಕೊಂಡು ಕೂತಳು.

ಒಳಗಿಂದ ಅಜ್ಜಿಯ ದನಿ ಕೇಳಿಸಿತು. “ಇಷ್ಟು ಹೊತ್ತಾ? ಬಸ್ ಕೆಟ್ಟಿತ್ತೇನು?” ಆಮೇಲೆ ಇಬ್ಬರ ನಗು. ಆಮೇಲೆ ಏನೋ ಪಿಸುಮಾತು.

“ಒಳಗೆ ಹೋಗಿ ನೋಡ್ಬೇಕಾ?” ಅಮ್ಮ ಕೇಳಿದಳು. “ಹೋಗು, ಅಜ್ಜಿಗೂ ಖುಷಿಯಾಗುತ್ತೆ.”

ಬಾಗಿಲು ಅರ್ಧ ತೆರೆದಿತ್ತು. ಎದ್ದು ಎರಡು ಹೆಜ್ಜೆ ಹಾಕಿದರೆ ಎಲ್ಲ ಕಾಣುತ್ತಿತ್ತು.

“ಇವತ್ತು ಬೇಡಮ್ಮ,” ಎಂದಳು ಕಡ್ಡಿ. “ಅವರು ಮಾತಾಡ್ಕೊಳ್ಳಲಿ.”

ಅವಳು ಅಮ್ಮನ ಪಾದವನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, ಕೆಂಪಾದ ಜಾಗವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತತೊಡಗಿದಳು.