ಅಬೆಲ್ ಮಾಡದ ಆಣೆ

ಬೆಳಗ್ಗೆ ಗಿರಣಿಯ ಬಾಗಿಲು ತೆಗೆದ ಟೇಮರ್‌ಗೆ ಮೊದಲು ಕಂಡದ್ದು ಅಣ್ಣನ ಟೋಪಿ. ಆಮೇಲೆ ಅಣ್ಣ. ಹಿಟ್ಟಿನ ಮೂಟೆಗೆ ಒರಗಿದ್ದ ಅಬೆಲ್‌ನ ಎದೆಯ ಮೇಲೆ ರಕ್ತ ಆಗಲೇ ಒಣಗಿತ್ತು.

೧೭೯೮ರ ಆ ಬೇಸಿಗೆಯಲ್ಲಿ, ಐರ್ಲೆಂಡಿನ ವೆಕ್ಸ್‌ಫರ್ಡ್ ಸೀಮೆಯಲ್ಲಿ, ಆಕೆ ತೊಳೆದ ಹನ್ನೊಂದನೆಯ ಹೆಣ ಅದು. ಇಂಗ್ಲಿಷರ ಆಳ್ವಿಕೆಯ ವಿರುದ್ಧ ಎದ್ದ ದಂಗೆಕೋರರು ಪ್ರೊಟೆಸ್ಟೆಂಟರನ್ನು ಕೊಂದರು, ಸರ್ಕಾರದ ಸೈನಿಕರು ಕ್ಯಾಥೊಲಿಕರನ್ನು. ತಾತಂದಿರ ಕಾಲದಲ್ಲಿ ಇಂಗ್ಲೆಂಡಿನಿಂದ ಬಂದು ನೆಲೆಸಿದ ಕ್ವೇಕರರು, ಅಂದರೆ ಆಕೆಯ ಪಂಥದವರು, ಬಂದೂಕು ಮುಟ್ಟುವವರಲ್ಲ. ಅವರ ಪಾಲಿಗೆ ಬಂದದ್ದು ಎರಡೂ ಕಡೆಯ ಹೆಣಗಳು.

ಗಾಯ ಒರೆಸುವಾಗ ಟೇಮರ್‌ಳ ಕೈ ನಿಂತಿತು. ಮೂರು ಮೂಲೆ. ದಂಗೆಕೋರರ ಭರ್ಜಿಯ ಗಾಯ ಅಗಲ, ಸೈನಿಕರು ಬಂದೂಕಿನ ತುದಿಗೆ ಸಿಕ್ಕಿಸುವ ಬಯನೆಟ್ಟಿನದು ಹೀಗೆ.

* * *

ಸಂತೆಕಟ್ಟೆಯಲ್ಲಿ ನೇಣು ಸಿದ್ಧವಾಗಿತ್ತು. ಕೆಳಗೆ ಕೈಕಟ್ಟಿಸಿಕೊಂಡು ನಿಂತಿದ್ದವನು ನೆರೆಮನೆಯ ಕ್ಯಾಥೊಲಿಕ್ ರೈತ ಫೆಲಿಮ್.

"ನಾನಲ್ಲ ಟೇಮರಕ್ಕ. ನನ್ನ ಮಕ್ಕಳಾಣೆ," ಎಂದ.

"ಗೊತ್ತು ಕಣೋ."

ಆಕೆ ಸರ್ಕಾರಿ ಸೈನ್ಯದ ಕ್ಯಾಪ್ಟನ್ ಹಾರ್ಟಪ್ ಕಡೆ ತಿರುಗಿದಳು. "ನೀನು ಇವನನ್ನ ಯಾಕೆ ಹಿಡಿದೆ?"

"ನೀನು? ಯಾರ ಹತ್ರ ಮಾತಾಡ್ತಿದೀಯ, ಗೊತ್ತಾ?"

"ನಾವು ರಾಜನಿಗೂ ನೀನು ಅಂತೀವಿ, ದೇವರಿಗೂ. ನಿನಗೇನು ಕಡಿಮೆ ಆಯ್ತು?"

ಹಿಂದೆ ಯಾರೋ ನಕ್ಕರು. ಕ್ಯಾಪ್ಟನ್ ಒಂದು ಕಾಗದ ಮುಂದೆ ಹಿಡಿದ. ಸಾಯುವ ಮುಂಚೆ ಅಬೆಲ್ ಕೊಟ್ಟ ಹೇಳಿಕೆಯಂತೆ. ಬರೆದುಕೊಂಡವನು ಹವಾಲ್ದಾರ ಬಿವನ್.

"ಫೆಲಿಮ್ ಭರ್ಜಿಯಿಂದ ತಿವಿದ ಅಂತ ಆಣೆ ಮಾಡಿ ಹೇಳ್ದ," ಎಂದ ಬಿವನ್.

"ಏನು ಮುಟ್ಟಿ ಆಣೆ ಮಾಡ್ದ?"

"ಬೈಬಲ್ ಮುಟ್ಟಿ."

"ಟೋಪಿ ತೆಗೆದಿದ್ನಾ?"

"ಮತ್ತೆ? ಗೌರವವಾಗಿ ತೆಗೆದು ಪಕ್ಕದಲ್ಲಿಟ್ಟ."

ಟೇಮರ್ ನಿಟ್ಟುಸಿರಿಟ್ಟಳು. ಗೆದ್ದ ಖುಷಿ ಅವಳಲ್ಲಿರಲಿಲ್ಲ.

"ಕ್ಯಾಪ್ಟನ್, ನಮ್ಮವರು ಯಾವ ಅಧಿಕಾರಿಗೂ ಟೋಪಿ ತೆಗೆಯಲ್ಲ. ಆಣೆಯಂತೂ ಮಾಡೋದೇ ಇಲ್ಲ. ಇದ್ದದ್ದನ್ನ ಇದ್ದ ಹಾಗೆ ಹೇಳೋನಿಗೆ ಆಣೆ ಯಾಕೆ? ಆಣೆ ಮಾಡಲ್ಲ ಅಂದಿದ್ದಕ್ಕೆ ಅಬೆಲ್ ಎಂಟು ತಿಂಗಳು ಜೈಲಲ್ಲಿದ್ದ. ಈ ಹೇಳಿಕೆ ಅವನದ್ದಲ್ಲ. ಗಾಯವೂ ಭರ್ಜಿಯದ್ದಲ್ಲ, ಮೂರು ಮೂಲೆಯ ಬಯನೆಟ್ಟಿನದ್ದು. ಬಂದು ನೋಡು."

"ಬಿವನ್ ಯಾಕೆ ಕೊಲ್ತಾನೆ?" ಎಂದ ಕ್ಯಾಪ್ಟನ್.

"ಕ್ಯಾಥೊಲಿಕರ ಇಗರ್ಜಿಗೆ ಬೆಂಕಿ ಇಟ್ಟೋನು ಬಿವನ್. ಅಬೆಲ್ ಕಣ್ಣಾರೆ ಕಂಡು ನನಗೆ ಹೇಳಿದ್ದ. ಇವತ್ತು ನಿನಗೆ ಹೇಳೋಕೆ ಬರ್ತಿದ್ದ."

ಬಿವನ್ ಹಿಂದಕ್ಕೆ ಸರಿದ. ಕ್ಯಾಪ್ಟನ್ ಅವನ ಬಯನೆಟ್ಟನ್ನು ಎಳೆದು ನೋಡಿದ. ಹಿಡಿಯ ಸಂದಿಯಲ್ಲಿ ರಕ್ತ ಬೆರೆತು ಕಂದು ಬಣ್ಣಕ್ಕೆ ಹೆಪ್ಪುಗಟ್ಟಿದ ಗಿರಣಿಯ ಹಿಟ್ಟು.

"ಕ್ವೇಕರ್ ಮುದುಕನಿಗೆ ನಮ್ಮ ಉಸಾಬರಿ ಯಾಕೆ ಬೇಕಿತ್ತು?" ಬಿವನ್ ಕಿರುಚಿದ. ಅಷ್ಟು ಸಾಕಾಯಿತು.

* * *

ಫೆಲಿಮ್‌ನ ಕಟ್ಟು ಬಿಚ್ಚಿದರು. ಕ್ಯಾಪ್ಟನ್ ಬೈಬಲ್ ತರಿಸಿದ.

"ಈಗ ಹೇಳಿದ್ದನ್ನೇ ಆಣೆ ಮಾಡಿ ಹೇಳು. ಬಿವನ್ನನ್ನ ಇವತ್ತೇ ನೇಣಿಗೆ ಹಾಕ್ತೀನಿ."

ಟೇಮರ್ ನೇಣನ್ನು ನೋಡಿದಳು. ಆಣೆ ಮಾಡಿದರೆ ಹನ್ನೆರಡನೆಯ ಹೆಣ.

"ಆಣೆ ಮಾಡಲ್ಲ. ಹೇಳಿದ್ದು ನಿಜ. ಬೇಕಾದ್ರೆ ಬರ್ಕೋ," ಎಂದಳು. ಕೈಯಲ್ಲಿ ಹಿಡಿದು ತಂದಿದ್ದ ಅಣ್ಣನ ಟೋಪಿಯ ಹಿಟ್ಟು ಕೊಡವಿ, ಅವನಿಗೆ ಗುಂಡಿ ತೋಡಲು ಫೆಲಿಮ್‌ನನ್ನು ಕರೆದುಕೊಂಡು ಹೊರಟಳು.