ಫ್ರಿಜ್ಜಿಗೂ ಗೋಡೆಗೂ ನಡುವೆ

ಸರ್ರ್... ಟಕ್.

ಮಲಗಿದ್ದವಳ ಕಿವಿ ನೆಟ್ಟಗಾಯಿತು. ಪಕ್ಕದ ದಿಂಬು ಖಾಲಿ. ಮತ್ತೆ ಅದೇ ಸದ್ದು, ಅಡುಗೆಮನೆಯಿಂದ. ಅಳತೆ ಟೇಪು ಡಬ್ಬಿಯೊಳಕ್ಕೆ ಸುತ್ತಿಕೊಳ್ಳುವ ಸದ್ದು. ಬಡಗಿಯ ಹೆಂಡತಿಗೆ ಅದರ ಗುರುತು ಸಿಗದೆ ಇರುತ್ತದೆಯೇ?

ಬಾಗಿಲ ಸಂದಿಯಿಂದ ಇಣುಕಿದಳು. ಮೊಬೈಲಿನ ಬೆಳಕಿನಲ್ಲಿ ಗಂಡ ಒಲೆಯ ಕಟ್ಟೆ ಅಳೆಯುತ್ತಿದ್ದ. ಆಮೇಲೆ ಕಿಟಕಿ. ಆಮೇಲೆ ಒಂದು ಗಳಿಗೆ ಸುಮ್ಮನೆ ನಿಂತು, ಫ್ರಿಜ್ಜಿಗೂ ಗೋಡೆಗೂ ನಡುವಿನ ಸಂದಿ.

ಆ ಸಂದಿ ಅವಳದು. ಯಾರಿಗೂ ಗೊತ್ತಿಲ್ಲದ, ಅವಳೊಬ್ಬಳೇ ಅಳುವ ಜಾಗ...

"ಏನ್ರೀ ಮಾಡ್ತಿದ್ದೀರಿ?"

ಟೇಪು ಜೇಬಿಗಿಳಿಯಿತು. "ನೀರು ಕುಡಿಯೋಕೆ ಬಂದೆ. ಹೋಗಿ ಮಲಕ್ಕೋ."

ನೀರು ಕುಡಿಯೋಕೆ ಟೇಪು ಬೇಕಾ? ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ, ಅದೇ ಭಯ.

ಮನೆಯವರು ನೋಡಿ ಮಾಡಿದ ಮದುವೆ, ಎರಡು ವರ್ಷವಾಗಿತ್ತು. ಮರ ಕೊಯ್ದು ಕೊಯ್ದು ಇವನೂ ಮರವೇ ಆದ ಎಂದು ಅತ್ತೆಯೇ ಮಗನನ್ನು ಛೇಡಿಸುತ್ತಿದ್ದರು. ಗಂಡ ಹೆಂಡಿರಲ್ಲಿ ಜಗಳವಿಲ್ಲ, ಮಾತೂ ಇಲ್ಲ. ಈಚೆಗೆ ಅವನು ಹೊಸ ಕೆಲಸ ಹಿಡಿದಿದ್ದ. ಎಲ್ಲಿ ಎಂದರೆ "ದೂರ", ಏನು ಎಂದರೆ "ಮರದ್ದೇ".

ಬೆಳಗ್ಗೆ ಅವನು ಸ್ನಾನಕ್ಕೆ ಹೋದಾಗ ಮೊಬೈಲು ಮಿನುಗಿತು. ನೋಡಬಾರದು ಎಂದುಕೊಂಡೇ ನೋಡಿದಳು. ಕಳಿಸಿದವರ ಹೆಸರು 'ಮೇಡಂ' ಎಂದಷ್ಟೇ ಇತ್ತು.

'ಅಡುಗೆಮನೆ ತುಂಬಾ ಇಷ್ಟ ಆಯ್ತು. ಕಿಟಕಿ ಸ್ವಲ್ಪ ದೊಡ್ಡದಿರಲಿ.'

ಯಾರ ಅಡುಗೆಮನೆ? ಇಷ್ಟವಾಗಿದ್ದು ಯಾವ ಹೆಂಗಸಿಗೆ? ಬೇರೆ ಮನೆ ಮಾಡುತ್ತಿದ್ದಾನೆಯೇ... ಬೇರೆಯವಳಿಗೆ?

ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. "ಈಗ ಚೆನ್ನಾಗಿ ಕಾಣುತ್ತಾ, ಆಗ ಚೆನ್ನಾಗಿತ್ತಾ?" ಎಂದು ದಿನವಿಡೀ ಊರವರನ್ನು ಕೇಳಿದಳು. ತನ್ನ ಮನೆಯೊಳಗಿನದೇ ಮಸುಕು.

"ಶನಿವಾರ ಶುರುವಾಗೋ ಹೊಸ ಧಾರಾವಾಹಿದು ಜಾಹೀರಾತು ನೋಡಿದ್ಯೇನೇ?" ಎರಡು ತಿಂಗಳು ಕಳೆದ ಮೇಲೊಂದು ದಿನ ಅಂಗಡಿಯಲ್ಲಿ ಬಿಲ್ ಬರೆಯುವ ಅಕ್ಕ ಕೇಳಿದಳು.

"ನಾನು ನೋಡಲ್ಲ ಅಕ್ಕ. ಒಡವೆ ಹೇರ್ಕೊಂಡು ಮಲಗೋ ಹೆಂಗಸರು, ಹಾಲಿಗೆ ವಿಷ..."

"ಇದರಲ್ಲಿ ವಿಷ ಇಲ್ಲ ಕಣೇ. ಹಾಲು ಉಕ್ಕುತ್ತೆ, ಒರೆಸ್ತಾರೆ. ಒರೆಸೋದು ಯಾರು ಅನ್ನೋದರಲ್ಲೇ ಅರ್ಧ ಕಥೆ."

ಅವಳಿಗೆ ಕಥೆ ಬೇಕಿರಲಿಲ್ಲ. ಅಷ್ಟೂ ದಿನ ಗಂಡನ ಅಂಗಿ ಮೂಸಿದ್ದಳು; ಬರೀ ಬಣ್ಣದ ವಾಸನೆ. ಅಡುಗೆಮನೆಗೆ ಬಣ್ಣವೂ ಆಯಿತೆಂದಾಯಿತು. ಭಾನುವಾರ ಒಡಹುಟ್ಟಿದ ಅಕ್ಕನ ಮನೆಗೆ ಹೊರಟುಬಿಡುವುದೆಂದು ಬಟ್ಟೆ ತುಂಬಿ, ಬ್ಯಾಗನ್ನು ಮಂಚದ ಕೆಳಗೆ ತಳ್ಳಿದಳು. ಮರಳಿ ಬರುವ ಮಾತು ಆಮೇಲೆ.

ಶನಿವಾರ ಸಂಜೆ ಅತ್ತೆ ಅವಳ ಕೈ ಹಿಡಿದು ಟಿವಿಯ ಮುಂದೆ ಕೂರಿಸಿಕೊಂಡರು. "ಒಂದು ನಿಮಿಷ ಕೂತ್ಕೊಳಮ್ಮ. ಕಾಲಿಗೇನು ಚಕ್ರ ಕಟ್ಟಿದ್ದಾರಾ?"

ತೆರೆಯ ಮೇಲೆ ಒಂದು ಅಡುಗೆಮನೆ. ಕಟ್ಟೆಯ ಮೂಲೆ ಮೊಂಡು. ಎರಡು ಸಲ ಎಳೆದರೆ ಮಾತ್ರ ತೆರೆಯುವ ಡ್ರಾಯರು. ಆಚೆಗೆ ಫ್ರಿಜ್ಜು...

"ನಮ್ಮನೆ ಥರಾನೇ ಇದೆ ನೋಡು," ಅತ್ತೆ ನಕ್ಕರು.

ಅವಳು ನಗಲಿಲ್ಲ.

ಆ ಮನೆಗೆ ನೆಂಟರು ಬಂದಿದ್ದರು. "ನಮ್ಮ ಸೊಸೆ ಓದಿದವಳು. ಸೌಟು ಹಿಡಿಯೋದು ಕಾಲೇಜಲ್ಲಿ ಹೇಳಿಕೊಡಲಿಲ್ಲ ಅಂತ ಕಾಣುತ್ತೆ," ಎಂದಳು ಆ ಮನೆಯ ಅತ್ತೆ. ಎಲ್ಲರೂ ನಕ್ಕರು. ಸೊಸೆಯೂ ನಕ್ಕಳು. ನಗುತ್ತಲೇ ಒಳಗೆ ಹೋಗಿ, ಫ್ರಿಜ್ಜಿಗೂ ಗೋಡೆಗೂ ನಡುವೆ ನುಸುಳಿ, ಅಂಗೈಯನ್ನು ಬಾಯಿಗೆ ಒತ್ತಿಕೊಂಡಳು. ಸಂಗೀತವಿಲ್ಲ, ಗಾಳಿಯಿಲ್ಲ, ಮಿಂಚಿಲ್ಲ. ಫ್ರಿಜ್ಜಿನ ಗುಂಯ್ ಒಂದೇ.

"ಪಾಪ," ಅತ್ತೆಯ ದನಿ ಇಳಿಯಿತು. "ಯಾರಾದ್ರೂ ಹೋಗಿ ಮಾತಾಡಿಸಬಾರದಾ?" ತಮ್ಮ ಸೊಸೆಯ ಕಡೆ ತಿರುಗಿದರು. "ನಾನೂ ನಿನಗೆ ಹೀಗೇ ಏನಾದ್ರೂ ಅಂದಿದ್ದೀನೇನಮ್ಮ?"

ಅವಳು ಎದ್ದು ಅಡುಗೆಮನೆಗೆ ನಡೆದಳು. ಆಗ ತಾನೇ ಬಂದ ಗಂಡ ಸಿಂಕಿನಲ್ಲಿ ಕೈ ತೊಳೆಯುತ್ತಿದ್ದ.

"ಟಿವಿಯಲ್ಲಿರೋ ಆ ಮನೆ ನೀವು ಮಾಡಿದ್ದಾ?"

"ಹೂಂ. ಶೂಟಿಂಗ್ ಸೆಟ್ಟು. ಪ್ರಸಾರ ಆಗೋವರೆಗೂ ಬಾಯಿ ಬಿಡಬಾರದು ಅಂದಿದ್ರು."

"ಮೇಡಂ ಅಂದ್ರೆ ಯಾರು?"

"ಕಲಾ ನಿರ್ದೇಶಕಿ. ಅಮ್ಮನಿಗಿಂತ ದೊಡ್ಡೋರು." ಅವನು ನಲ್ಲಿ ನಿಲ್ಲಿಸಿದ. "ಬ್ಯಾಗು ಕಟ್ಟಿದ್ದು ಅದಕ್ಕೇನಾ?"

ಇವನಿಗೆ ಇನ್ನೂ ಏನೇನು ಗೊತ್ತಿದೆ?

"ಜನ ಬಾಳಿದ ಮನೆ ಥರ ಇರಬೇಕು ಅಂದ್ರು. ನಂಗೆ ಗೊತ್ತಿರೋದು ಇದೊಂದೇ ಮನೆ. ಸೊಸೆ ಅಳೋಕೆ ಎಲ್ಲಿ ಹೋಗ್ತಾಳೆ ಅಂತ ಚರ್ಚೆ ಆಯ್ತು. ಮಂಚದ ಮೇಲೆ ಬೀಳ್ತಾಳೆ ಅಂದ್ರು ಎಲ್ಲಾರೂ. ನಾನು... ಅಲ್ಲ ಅಂದೆ."

"ಗೊತ್ತಿದ್ದೂ ಒಂದು ದಿನಾನೂ ನೀವು ಬರಲಿಲ್ಲ."

"ಬಾಗಿಲವರೆಗೂ ಬರ್ತಿದ್ದೆ. ನಾನು ಕಂಡ್ರೆ ಆ ಜಾಗನೂ ನಿಂಗೆ ತಪ್ಪಿಹೋಗುತ್ತೆ ಅನ್ಕೊಂಡು ವಾಪಸ್ ಹೋಗ್ತಿದ್ದೆ. ತಪ್ಪಾಯ್ತಾ?"

"ಹೂಂ... ತಪ್ಪು."

ಅವನು ಫ್ರಿಜ್ಜಿಗೆ ಭುಜ ಕೊಟ್ಟು ಒಂದು ಗೇಣು ಸರಿಸಿದ.

"ಇದೇನ್ರೀ?"

"ಇಬ್ಬರಿಗೆ ಸಾಲಲ್ಲ."

ಅವಳು ಅತ್ತಳು. ಈ ಸಲ ಬಾಯಿಗೆ ಅಂಗೈ ಒತ್ತಲಿಲ್ಲ, ಅವನ ಭುಜವಿತ್ತು.

"ನಂಗೆ ಮಾತು ಬರಲ್ಲ," ಎಂದ. "ನೀನಂದ್ರೆ ಇಷ್ಟ. ಮೊದಲಿಂದಾನೂ."

"ಇಷ್ಟು ಹೇಳೋಕೆ ಒಂದು ಧಾರಾವಾಹಿ ಬೇಕಾಯ್ತಾ?"

ನಡುಮನೆಯಿಂದ ಅತ್ತೆ ಕೂಗಿದರು. "ಏನೋ ಅದು ಸದ್ದು?"

"ಫ್ರಿಜ್ಜಿನ ಹಿಂದೆ ಕಸ ಗುಡಿಸ್ತಿದ್ದೀವಮ್ಮ," ಎಂದ ಗಂಡ.

"ಇಬ್ಬರೂನಾ?" ಎಂದರು ಅತ್ತೆ, ನಂಬದ ದನಿಯಲ್ಲಿ.

ಸೋಮವಾರ ಬಿಲ್ಲಿನ ಅಕ್ಕ ಕಾದೇ ಕೂತಿದ್ದಳು. "ಫ್ರಿಜ್ಜಿನ ಪಕ್ಕ ನಿಂತು ಅತ್ಲಲ್ಲ, ಕರುಳು ಕಿತ್ತು ಬಂತು ಕಣೇ. ಅದನ್ನ ಬರೆದವಳು ಹೆಂಗಸೇ. ಗಂಡಸರಿಗೆ ಇಂಥದ್ದೆಲ್ಲ ಎಲ್ಲಿ ಕಾಣುತ್ತೆ?"

ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತದೆ. ಆ ಒಂದು ಗೇಣು ಜಾಗಕ್ಕೆ ಊರೇ ಬಂದು ನಿಲ್ಲುತ್ತದೆ.

"ಯಾಕೇ ನಗ್ತಿದ್ದೀಯ?" ಅಕ್ಕನ ಕಣ್ಣು ಕಿರಿದಾಯಿತು.

"ಏನಿಲ್ಲಕ್ಕ. ಹೆಂಗಸೇ ಇರಬೇಕು."

ಯಾರಿಗೂ ಹೇಳುವುದಿಲ್ಲ, ಒಡಹುಟ್ಟಿದ ಅಕ್ಕನಿಗೂ ಇಲ್ಲ ಎಂದು ನಿರ್ಧರಿಸಿ, ಅವಳು ಮುಂದಿನ ಗಿರಾಕಿಯನ್ನು ಒಳಗೆ ಕರೆದಳು.